ಬಿಟ್ಟಿ ಟಾಸ್ಕಿಗೆ ಎಷ್ಟು ಗಂಟೆ ಕೊಡಬೇಕು?

ಮೈಸೂರು, ಮಂಡ್ಯ ಕಡೆ ಇಂಟರ್‌ಆ್ಯಕ್ಷನ್ ಡಿಸೈನ್ (ಆ್ಯಪ್, ವೆಬ್‌ಸೈಟ್‌ಗಳನ್ನು ಬಳಸಲು ಸುಲಭವಾಗುವಂತೆ ರೂಪಿಸುವ) ಕೆಲಸ ಹುಡುಕುವ ಮಕ್ಕಳು ಒಂದೇ ಸಂಕಟ ಹೊತ್ತು ನನ್ನ ಬಳಿ ಸಲಹೆಗೆ ಬರುತ್ತಿದ್ದಾರೆ: ಸಂದರ್ಶನಕ್ಕೆ ಮೊದಲು ಬಿಟ್ಟಿ ಟಾಸ್ಕ್, ಅಂದರೆ ಸಂಬಳವಿಲ್ಲದೆ ಮಾಡಿ ತೋರಿಸಬೇಕಾದ ಪರೀಕ್ಷೆಯ ಕೆಲಸ, ಆಮೇಲೆ ಸದ್ದೇ ಇಲ್ಲ. ಗುರುತು ಮರೆಸಿ ಒಂದು ಪ್ರಕರಣ ಬರೆಯುತ್ತಿದ್ದೇನೆ.

ಮಂಡ್ಯ ಜಿಲ್ಲೆಯ ಹಳ್ಳಿಯ ಯುವತಿ, ಬಿ.ಇ. ಮುಗಿಸಿ ಆನ್‌ಲೈನ್ ಕೋರ್ಸ್ ಮಾಡಿದವಳು. ಮೂರು ಕಡೆ ಟಾಸ್ಕ್ ಮಾಡಿಕೊಟ್ಟಿದ್ದಳು. ನಾಲ್ಕನೆಯವರು ತಮ್ಮದೇ ಆ್ಯಪ್‌ನ ಹಣ ಪಾವತಿ ಭಾಗವನ್ನು 5 ದಿನದಲ್ಲಿ ಪೂರ್ತಿ ಹೊಸದಾಗಿ ಮಾಡಿಕೊಡಲು ಕೇಳಿದ್ದರು. ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ.

ಎರಡನೇ ಭೇಟಿಯಲ್ಲಿ ಪೋರ್ಟ್‌ಫೋಲಿಯೊ (ತಾನು ಮಾಡಿದ ಕೆಲಸಗಳ ಸಂಗ್ರಹ) ತೋರಿಸಿದಳು. ಅದರಲ್ಲೊಂದು ಡೇರಿಗೆ ಹಾಲು ಹಾಕುವವರಿಗೆಂದು ಮಾಡಿದ ಆ್ಯಪ್. ಮೊದಲ ಪರದೆಯಲ್ಲೇ ಹಾಲಿನ ಫ್ಯಾಟ್ (ಕೊಬ್ಬಿನಂಶ) ಗ್ರಾಫ್, ಬಿಳಿಯ ಮೇಲೆ ತಿಳಿಬೂದು ಅಕ್ಷರ.

“ಯಾರಿಗೆ ತೋರಿಸಿ ನೋಡಿದ್ರಿ?”

“ಯಾರಿಗೂ ಇಲ್ಲ ಮೇಡಂ. ನಮ್ಮಮ್ಮನೇ ದಿನಾ ಹಾಲು ಹಾಕ್ತಾರೆ. ಅವರನ್ನೂ ಕೇಳ್ಲಿಲ್ಲ.”

ಹೇಳುತ್ತಲೇ ಸುಮ್ಮನಾದಳು. ‘ನನ್ನನ್ನ ಯಾರೂ ತಗೊಳಲ್ಲ’ ಎನ್ನುತ್ತಿದ್ದವಳ ಮಾತು ಅಲ್ಲಿಂದ ಕೆಲಸದ ಕಡೆ ತಿರುಗಿತು.

ಆರು ಪ್ರಾಜೆಕ್ಟ್‌ನಲ್ಲಿ ಎರಡೇ ಇಟ್ಟುಕೊಳ್ಳಿ ಎಂದೆ. ಐದು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ. ‘ಹೇಗಿದೆ’ ಎಂದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ‘ಈ ಸಲದ ಬಟವಾಡೆ ಎಷ್ಟು, ಹುಡುಕಿ’ ಎಂದು ಹೇಳಿ, ಬಾಯಿ ಹಾಕದೆ ನೋಡಿ. ಎಲ್ಲಿ ತಡವರಿಸಿದರು, ನೀವೇನು ಬದಲಿಸಿದಿರಿ, ಪೋರ್ಟ್‌ಫೋಲಿಯೊದಲ್ಲಿ ಬರೆಯಬೇಕಾದ್ದು ಅದು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ವೆಬ್ ಮಾರ್ಗಸೂಚಿಯ ‘ಎಎ’ ಮಟ್ಟಕ್ಕೆ ಕನಿಷ್ಠ 4.5:1 ಬೇಕು, ಅವಳು ಬಳಸಿದ #999999 ಎಂಬ ಬಣ್ಣಸಂಖ್ಯೆಯ ಬೂದು ಬಿಳಿಯ ಮೇಲೆ ಬರೀ 2.85:1.

ಟಾಸ್ಕ್ ಬಿಡುವುದು ಬೇಡ, ಮೇಲ್‌ನಲ್ಲಿ ಮಿತಿ ಹಾಕಿ: 4 ಗಂಟೆಯ ಕೆಲಸ, ಕಂಪನಿಯದಲ್ಲದ ಕಾಲ್ಪನಿಕ ಆ್ಯಪ್, ಕೊಟ್ಟ ಮೇಲೆ ಎದುರು ಕೂತು ಚರ್ಚೆ, ಬಳಸಿಕೊಳ್ಳುವುದಾದರೆ ಸಂಭಾವನೆ.

ಹೊಸಬರು ಷರತ್ತು ಹಾಕಿದರೆ ಕೆಲಸ ಯಾರು ಕೊಡುತ್ತಾರೆಂದು ಅವಳ ತಂದೆ ನನ್ನ ಮೇಲೆ ಬೇಸರಪಟ್ಟರು. ಅವರ ಭಯ ಸುಳ್ಳಲ್ಲ. ಆದರೆ ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ವೈದ್ಯರಿಗೆ ಮೆಡಿಕಲ್ ಕೌನ್ಸಿಲ್ ಇದೆ. ಡಿಸೈನರ್‌ಗೆ ಅಂಥ ಕಡ್ಡಾಯ ನೋಂದಣಿ ಇಲ್ಲ, ನೋಂದಣಿ ಮಾಡಿಸುವ ಕೌನ್ಸಿಲ್ಲೂ ಇಲ್ಲ. ತನ್ನ ಮಿತಿಯನ್ನು ಅವಳೇ ಹೇಳಬೇಕು. ಯಾವುದಕ್ಕೆ ಎಷ್ಟು ಅಂಕವೆಂದು ಮೊದಲೇ ಗೊತ್ತುಮಾಡಿಕೊಂಡ ಕಂಪನಿಗೆ ನಾಲ್ಕು ಗಂಟೆಯ ಕೆಲಸದಲ್ಲಿ ಅಭ್ಯರ್ಥಿಯ ಯೋಚನೆ ಕಾಣುತ್ತದೆ. ಈ ಸಲಹೆಯನ್ನು ಈಗಲೂ ಕೊಡುತ್ತೇನೆ.

ಆ ನಾಲ್ಕನೆಯ ಕಂಪನಿ ಉತ್ತರಿಸಲಿಲ್ಲ. ಅವಳು ಬೇರೆ ಕಡೆ ಅರ್ಜಿ ಹಾಕುತ್ತಿದ್ದಾಳೆ. ಡೇರಿ ಆ್ಯಪ್‌ನಲ್ಲಿ ಗ್ರಾಫ್ ಹಿಂದಕ್ಕೆ ಹೋಗಿ ಬಟವಾಡೆಯ ಮೊತ್ತ ಮುಂದೆ ಬಂದಿದೆ. ಐವರಲ್ಲಿ ಇಬ್ಬರು ಲೀಟರ್ ಲೆಕ್ಕ ಹುಡುಕಲು ಇನ್ನೂ ತಡವರಿಸುತ್ತಾರಂತೆ, ಅದನ್ನು ಸರಿಮಾಡುತ್ತಿದ್ದಾಳೆ.