ಕಾಂಕ್ರೀಟಿನ ಅಂಚಿನಿಂದ ಅಳೆದರೆ ಗ್ಯಾರೇಜ್ ಅಡಿಪಾಯದ ಬೋಲ್ಟ್‌ಗಳು ಸಾಲು ತಪ್ಪಿವೆ. ಸಿಲ್ ಪ್ಲೇಟ್ (ಗೋಡೆಯ ಬುಡಕ್ಕೆ ಅಡಿಪಾಯದ ಮೇಲೆ ಮಲಗಿಸುವ ಮರ) ಕೂರಿಸಲು ಅವನ್ನು ಬಾಗಿಸಲೇ, ಕತ್ತರಿಸಲೇ?

ಸದ್ಯಕ್ಕೆ ಎರಡೂ ಬೇಡ. ಕಾಂಕ್ರೀಟಿನ ಅಂಚಿನಿಂದ ಅಳೆದು ಬೋಲ್ಟ್‌ಗಳು ಸಾಲು ತಪ್ಪಿವೆ ಎನ್ನುತ್ತಿದ್ದೀರಿ. ಆ ಅಂಚೇ ಸರಿಯಾಗಿದೆ ಎಂದು ನಿಮಗೆ ಯಾರು ಹೇಳಿದರು?

ಒಹಾಯೋದಲ್ಲಿ ನಮ್ಮ ಮನೆಯ ಹಿಂದೆ 24 ಅಡಿ ಉದ್ದ, 24 ಅಡಿ ಅಗಲದ ಗ್ಯಾರೇಜ್ ಕಟ್ಟುವಾಗ ನನ್ನ ಕಣ್ಣೂ ಬೋಲ್ಟ್‌ಗಳ ಮೇಲೆಯೇ ಇತ್ತು. ಕಾಂಕ್ರೀಟ್ ಸುರಿದ ಗುತ್ತಿಗೆದಾರ ಹಣ ಎಣಿಸಿಕೊಂಡು ಹೋಗಿದ್ದ. ಮೇಲ್ಮೈ ಮಟ್ಟವಾಗಿತ್ತು, ನುಣುಪಾಗಿತ್ತು. ಕೊಳೆಯದಂತೆ ಸಂಸ್ಕರಿಸಿದ 2x6 ಇಂಚಿನ ಮರವನ್ನು ಅಂಚಿಗೆ ಸಮನಾಗಿ ಇಟ್ಟು, ನಟ್ ಬಿಗಿದು, ಗೋಡೆ ಎಬ್ಬಿಸಿಬಿಟ್ಟೆ. ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿಯಲಿಲ್ಲ. ಎರಡು ಕರ್ಣಗಳೂ ಸುಮಾರು 33 ಅಡಿ 11¼ ಇಂಚು ಇರಬೇಕಿತ್ತು. ನನ್ನದರಲ್ಲಿ ಒಂದು ಇನ್ನೊಂದಕ್ಕಿಂತ ಎರಡು ಇಂಚು ಉದ್ದವಿತ್ತು. ನಮ್ಮೂರಿನ ಗಾರೆಯವರು ನೂಲು ಕಟ್ಟಿ, ಮೂಲೆಮಟ್ಟ ಹಿಡಿಯದೆ ಮೊದಲ ಕಲ್ಲು ಇಡುವುದಿಲ್ಲ. ಅದನ್ನು ಬಾಲ್ಯದಿಂದ ನೋಡಿದವನು ನಾನು!

ಗೋಡೆಗಳು ಏಳುವಾಗ ಈ ದೋಷ ಕಾಣುವುದೇ ಇಲ್ಲ. ಪ್ರತಿ ಗೋಡೆಯೂ ತನ್ನಷ್ಟಕ್ಕೆ ನೇರ, ತೂಗುಗುಂಡಿಗೂ ಸರಿ. ಪಕ್ಕದ ಗೋಡೆಗಳ ನಡುವಿನ ಅಂತರ ಸಮವಾಗಿದ್ದರಿಂದ ಚಾವಣಿ ಹೊರುವ ತ್ರಿಕೋನ ಚೌಕಟ್ಟುಗಳಾದ ಟ್ರಸ್‌ಗಳೂ ತಕರಾರಿಲ್ಲದೆ ಕೂತವು. ಚಾವಣಿಗೆ 4x8 ಅಡಿಯ ಹಲಗೆ ಹೊಡೆಯುವಾಗ ಗುಟ್ಟು ಬಯಲಾಯಿತು. ಒಂದೂವರೆ ಇಂಚು ದಪ್ಪದ ಟ್ರಸ್ ಮೇಲೆ ಅಕ್ಕಪಕ್ಕದ ಎರಡು ಹಲಗೆಗಳ ಅಂಚು ಸೇರಬೇಕು. ಸೂರಿಗೆ ಹೊಂದಿಸಿ ಹೊಡೆಯುತ್ತ ಹೋದರೆ, ಮೇಲಿನ ಸಾಲುಗಳಲ್ಲಿ ಒಂದು ಹಲಗೆಯ ಅಂಚಿಗೆ ಮೊಳೆ ಹೊಡೆಯಲು ಮರವೇ ಸಿಗಲಿಲ್ಲ. ಟ್ರಸ್‌ಗೆ ಹೊಂದಿಸಿದರೆ ಸೂರು ಮೆಟ್ಟಿಲು ಮೆಟ್ಟಿಲಾಯಿತು. ಹೊಡೆದದ್ದನ್ನು ಕಿತ್ತು, ಹಲಗೆಗಳನ್ನು ಓರೆಯಾಗಿ ಕೊಯ್ದು, ಟ್ರಸ್ ಪಕ್ಕಕ್ಕೆ ತುಂಡುಮರ ಕಟ್ಟಿ ಮುಗಿಸಿದೆ. ಹಲಗೆಯ ಹಣಕ್ಕಿಂತ, ಏಣಿಯ ಕೆಳಗೆ ನಿಂತು ನೋಡುತ್ತಿದ್ದ ಮಾವನವರ ಮೌನ ದುಬಾರಿಯಾಗಿತ್ತು.

ಆದ್ದರಿಂದ ಮೊದಲು ಬಣ್ಣದ ನೂಲಿನಿಂದ ಗೆರೆ ಹೊಡೆಯಿರಿ. ನೇರವಾದ ಒಂದು ಬದಿಯನ್ನು ಆರಿಸಿ, ಅಂಚಿನಿಂದ 5½ ಇಂಚು ಒಳಗೆ ಗೆರೆ ಎಳೆಯಿರಿ. 2x6 ಎಂದು ಕರೆದರೂ ಮರದ ನಿಜವಾದ ಅಗಲ ಅಷ್ಟೇ, ಅದರ ಒಳ ಅಂಚು ಈ ಗೆರೆಗೆ ಕೂರಬೇಕು. 12, 16, 20 ಅಡಿ ಬದಿಗಳ ತ್ರಿಕೋನದಿಂದ ಲಂಬ ಮೂಲೆ ತೆಗೆಯಿರಿ. ಕರ್ಣಗಳು ಸಮವಾಗುವವರೆಗೆ ಉಳಿದ ಗೆರೆಗಳನ್ನು ಸರಿಸಿ. ಮರ ಎಲ್ಲೋ ಅರ್ಧ ಇಂಚು ಹೊರಚಾಚಿದರೆ, ಒಳಸರಿದರೆ ಚಿಂತೆಯಿಲ್ಲ, ಹೊರಗೋಡೆಯ ಹೊದಿಕೆ ಮುಚ್ಚುತ್ತದೆ. ಬಳಿಕ ಮರವನ್ನು ಬೋಲ್ಟ್‌ಗಳ ಪಕ್ಕಕ್ಕಿಟ್ಟು ಗುರುತು ಮಾಡಿ, ತೂತು ಕೊರೆಯಿರಿ. ಅಡಿಗೆ ಫೋಮ್ ಪಟ್ಟಿ ಹಾಸಲು ಮರೆಯಬೇಡಿ. ನಟ್, ವಾಷರ್‌ಗಳು ಬಿಸಿಸತುವಿನಲ್ಲಿ ಅದ್ದಿದವೇ ಆಗಿರಲಿ. ಸಂಸ್ಕರಿಸಿದ ಮರದಲ್ಲಿರುವ ತಾಮ್ರ ಸಾದಾ ಕಬ್ಬಿಣವನ್ನು ತಿನ್ನುತ್ತದೆ.

ಈಗ ನಿಮ್ಮ ಬೋಲ್ಟ್‌ಗಳನ್ನು ನೋಡಿ. ಮರದ ಅಗಲದ ನಡುವಿನ ಮೂರನೇ ಒಂದು ಭಾಗದೊಳಗೆ ಬಿದ್ದವನ್ನು ಮುಟ್ಟಬೇಡಿ. ಹೊರಗೆ ಬಿದ್ದವನ್ನು ಸುತ್ತಿಗೆಯಿಂದ ಬಾಗಿಸಿದರೆ ಕಾಂಕ್ರೀಟ್ ಬಿರಿಯಬಹುದು. ಅಂಥವನ್ನು ಮಾತ್ರ ಕತ್ತರಿಸಿ, ಪಕ್ಕದಲ್ಲಿ ಕೊರೆದು ಆಂಕರ್ (ಗಟ್ಟಿಯಾದ ಕಾಂಕ್ರೀಟಿನಲ್ಲಿ ಹಿಡಿದು ನಿಲ್ಲುವ ಬೋಲ್ಟ್) ಕೂರಿಸಿ. ಎರಡು ಬೋಲ್ಟ್‌ಗಳ ನಡುವೆ 6 ಅಡಿ ಮೀರಬಾರದು, ಪ್ರತಿ ತುಂಡಿಗೂ ಕನಿಷ್ಠ ಎರಡು ಬೇಕು, ತುಂಡಿನ ಎರಡೂ ತುದಿಗಳಿಂದ 12 ಇಂಚಿನೊಳಗೆ ಒಂದೊಂದು ಇರಬೇಕು. ಯಾವ ಆಂಕರ್ ನಡೆಯುತ್ತದೆ ಎಂದು ಕೊಳ್ಳುವ ಮೊದಲೇ ನಿಮ್ಮ ಊರಿನ ಕಟ್ಟಡ ಇನ್ಸ್‌ಪೆಕ್ಟರನ್ನು ಕೇಳಿ.