ಕಾಸರಗೋಡಿನಲ್ಲಿ ಗೇರು ಬೆಳೆಯುತ್ತದೆ, ಪಿಸ್ತಾ ಯಾಕೆ ಬೆಳೆಯುವುದಿಲ್ಲ?

ಚಳಿ ಸಾಲುವುದಿಲ್ಲ, ಅದಕ್ಕೇ. ಗೇರು, ಪಿಸ್ತಾ, ಮಾವು ಮೂರೂ ಒಂದೇ ಕುಟುಂಬದ ಮರಗಳು. ಆದರೆ ಪಿಸ್ತಾದ ತವರು ಇರಾನ್, ಮಧ್ಯ ಏಷ್ಯಾದ ಒಣ ನೆಲ. ಚಳಿಗಾಲದಲ್ಲಿ ಅದು ಎಲೆ ಉದುರಿಸಿ ನಿದ್ದೆ ಹೋಗುತ್ತದೆ. 7 ಡಿಗ್ರಿಗಿಂತ ಕೆಳಗಿನ ಚಳಿ ಒಟ್ಟು ಸುಮಾರು 1000 ಗಂಟೆ ಸಿಕ್ಕಿದರೇನೇ ಮೊಗ್ಗು ಸರಿಯಾಗಿ ಒಡೆಯುವುದು. ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಚಳಿ ಕಮ್ಮಿಯಾದರೆ ಎರಡೂ ಒಟ್ಟಿಗೆ ಹೂ ಬಿಡುವುದಿಲ್ಲ, ಕಾಯಿ ಎಲ್ಲಿಂದ ಬರಬೇಕು? ನಮ್ಮಲ್ಲಿ ಜನವರಿಯ ಬೆಳಗ್ಗೆಯೂ ಅಂಥ ಚಳಿ ಇಲ್ಲ ಅಲ್ವಾ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಬೇರೆ, ಬೇರನ್ನೇ ಕೊಳೆಸುತ್ತದೆ.

ಹಾಗಾಗಿ ಗಲ್ಫಿನಿಂದ ಬಂದವರು ತಂದ ಪಿಸ್ತಾವೇ ಗತಿ. ಅದರ ಚಿಪ್ಪು ಬಾಯಿ ಬಿಟ್ಟಿರುವುದು ಮರದಲ್ಲೇ, ಒಳಗಿನ ಬೀಜ ಬಲಿತು ಉಬ್ಬಿದಾಗ. 100 ಗ್ರಾಂನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಇದೆ. ನಾರಿನ ವಿಷಯದಲ್ಲಿ ನಮ್ಮ ಗೇರುಬೀಜಕ್ಕಿಂತ ತುಂಬಾ ಜಾಸ್ತಿ.