ಮುದಿ ಬೆಕ್ಕಿಗೆ ಎಣ್ಣೆ ಕುಡಿಸುವವರಿಗೆ

ಪ್ರಶ್ನೆ: ನಮ್ಮ ಬೆಕ್ಕಿಗೆ 13 ವರ್ಷ. ಎರಡು ವಾರದಿಂದ ಆಗಾಗ ಬಿಕ್ಕಳಿಕೆ ಬಂದ ಹಾಗೆ ಮೈ ಕುಲುಕುತ್ತದೆ. ಕುಕ್ಕರಿಸಿ ಕತ್ತು ಮುಂದೆ ಚಾಚುತ್ತದೆ, ಆದರೆ ಏನನ್ನೂ ಕಾರುವುದಿಲ್ಲ. ಹೊಟ್ಟೆಯಲ್ಲಿ ಕೂದಲುಂಡೆ ಇರಬೇಕೆಂದು ಯಾರೋ ಹೇಳಿದರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಕುಡಿಸಿದೆವು. ಗುಣ ಕಾಣಲಿಲ್ಲ.
– ಓದುಗರು, ಬದಿಯಡ್ಕ

ಉತ್ತರ: ಗುಣ ಹೇಗೆ ಕಾಣಬೇಕು? ಮಳೆ ಹಿಡಿಯಿತೆಂದರೆ ಕುಂಬಳೆಯಿಂದ ಮುಳ್ಳೇರಿಯದವರೆಗೆ ಇದೇ ಪ್ರಶ್ನೆ, ಇದೇ ಎಣ್ಣೆ. ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬಾಯಿ ಬಿಡಿಸಿ ಹೊಯ್ದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಮೊದಲು ಅದನ್ನು ನಿಲ್ಲಿಸಿ.

ಗಬಗಬನೆ ತಿಂದ ಮೇಲೆ ಒಂದೆರಡು ನಿಮಿಷ ಬಂದು ಹೋಗುವುದು ಬಿಕ್ಕಳಿಕೆ. ಕತ್ತು ಚಾಚಿ ಕುಲುಕುವುದು ಬಹುಮಟ್ಟಿಗೆ ಕೆಮ್ಮು, ಎಷ್ಟೋ ಸಲ ಆಸ್ತಮಾ. ಮಳೆಗಾಲದಲ್ಲಿ ಬೆಚ್ಚಗಿದೆಯೆಂದು ಬಚ್ಚಲೊಲೆಯ ಬಳಿ ಮಲಗುವ ಬೆಕ್ಕಿಗೆ ಆ ಹೊಗೆಯೇ ಸಾಕು. ಮೇಲಿಂದ ಊದುಬತ್ತಿ, ಸೊಳ್ಳೆಬತ್ತಿ ಬೇರೆ.

ನನಗೆ ಹೆಚ್ಚು ಭಯ ಹೃದಯದ್ದು. ಹೃದಯ ಸೋತ ನಾಯಿ ಕೆಮ್ಮುತ್ತದೆ. ಬೆಕ್ಕು ಸಾಮಾನ್ಯವಾಗಿ ಕೆಮ್ಮುವುದಿಲ್ಲ, ಮೂಲೆ ಸೇರಿ ಸುಮ್ಮನೆ ವೇಗವಾಗಿ ಉಸಿರಾಡುತ್ತದೆ. ಆದ್ದರಿಂದ ಅದು ಗಾಢ ನಿದ್ದೆಯಲ್ಲಿರುವಾಗ ಪಕ್ಕೆ ನೋಡಿ, ಒಂದು ನಿಮಿಷ ಎಣಿಸಿ. ಎದೆ ಏರಿ ಇಳಿದರೆ ಒಂದು. 30ರ ಒಳಗಿದ್ದರೆ ಸರಿ. ದಿನವೂ 30 ದಾಟುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಬಾಯಿ ತೆರೆದು ಏದುಸಿರು ಬಿಟ್ಟರೆ, ನಾಲಗೆ ನೀಲಿಗಟ್ಟಿದರೆ, ಹಿಂಗಾಲು ತಟ್ಟನೆ ಸೋತು ತಣ್ಣಗಾದರೆ ಬೆಳಗಾಗುವುದನ್ನು ಕಾಯಬೇಡಿ.

ಕುಲುಕುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಮೇಜಿನ ಮೇಲೆ ಕೂರಿಸಿದೊಡನೆ ಯಾವ ಬೆಕ್ಕೂ ಕೆಮ್ಮುವುದಿಲ್ಲ. ಗೋಣಿಚೀಲಕ್ಕೆ ತುಂಬಿ ಸ್ಕೂಟರಿನಲ್ಲಿ ತರಬೇಡಿ, ಗಾಳಿಯಾಡುವ ಬುಟ್ಟಿ ಸಾಕು. ಎದೆಯ ಎಕ್ಸ್‌ರೇ, ಬೇಕಾದರೆ ಹೃದಯದ ಸ್ಕ್ಯಾನ್ ಆಗಬೇಕು. ಹತ್ತಿರದಲ್ಲಿ ಸಿಗದಿದ್ದರೆ ಮಂಗಳೂರಿಗೆ ಹೋಗಿ; ಕೇರಳ–ಕರ್ನಾಟಕ ಗಡಿಯ ತಲಪಾಡಿ ದಾಟಲು ಬೆಕ್ಕಿಗೆ ಪಾಸ್‌ಪೋರ್ಟ್ ಬೇಡ. ಪರೀಕ್ಷೆಗೆ ಮೊದಲೇ ‘ದಮ್ಮಿನ ಇಂಜೆಕ್ಷನ್’ ಎಂದು ಸ್ಟೀರಾಯ್ಡ್ ಚುಚ್ಚುವವರ ಹತ್ತಿರ ಹೋಗಬೇಡಿ. ಆಸ್ತಮಾಕ್ಕೆ ಅದೇ ಮದ್ದು, ನಿಜ. ಆದರೆ ಹೃದಯದ ಕಾಯಿಲೆ ಒಳಗೆ ಅಡಗಿದ್ದರೆ ಅದೇ ಮದ್ದು ಹೃದಯವನ್ನು ಸೋಲಿಸಬಹುದು. ಥೈರಾಯ್ಡ್ ಮತ್ತು ರಕ್ತಹೀನತೆಗೂ ರಕ್ತ ಪರೀಕ್ಷೆ ಮಾಡಿಸಿ. ಈ ವಯಸ್ಸಿನಲ್ಲಿ ಅವೂ ಉಸಿರಿನ ವೇಗ ಹೆಚ್ಚಿಸುತ್ತವೆ.

ಪ್ರಶ್ನೆ: ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಮಕ್ಕಳಿಗೆ ದಮ್ಮು ಬರುತ್ತದೆಯೇ? (ಪೆರ್ಲ)

ಉತ್ತರ: ಇಲ್ಲ. ಅಲರ್ಜಿ ತರುವುದು ಬೆಕ್ಕಿನ ಜೊಲ್ಲು ಮತ್ತು ಚರ್ಮದ ಹೊಟ್ಟು, ಅದೂ ಉಸಿರಿನ ದಾರಿಯಲ್ಲಿ. ಮಗು ಸೀನುತ್ತಿದ್ದರೆ ಮಕ್ಕಳ ವೈದ್ಯರನ್ನು ಕೇಳಿ.

ಪ್ರಶ್ನೆ: ಶೀತಕ್ಕೆ ಅರ್ಧ ಪ್ಯಾರಾಸಿಟಮಾಲ್ ಕೊಡಬಹುದೇ? (ಮಂಜೇಶ್ವರ)

ಉತ್ತರ: ಕಾಲು ಮಾತ್ರೆಯೂ ಬೇಡ. ಬೆಕ್ಕಿಗೆ ಅದು ವಿಷ. ಈಗಾಗಲೇ ಕೊಟ್ಟಿದ್ದರೆ ಇದನ್ನು ಓದುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.